ಬಣ್ಣಕ್ಕೆ ಮೊದಲಿನ ಕೈ

ಹೋದ ವಾರ ಗೇಟಿಗೆ ಬಣ್ಣ ಹಚ್ಚಲು ಬಂದವರು ಥಿನ್ನರ್ ಡಬ್ಬಿಯ ಮುಚ್ಚಳ ತೆಗೆದರು. ಮೂಗಿಗೆ ಅಡರಿದ ಆ ಘಾಟಿಗೆ ಎಂ.ಕೆ. ಹುಬ್ಬಳ್ಳಿಯ ನಮ್ಮ ಪಕ್ಕದ ಮನೆಯ ಚಿಗವ್ವ ನೆನಪಾದಳು…

ರಕ್ತಸಂಬಂಧದ ಚಿಕ್ಕಮ್ಮನೇನಲ್ಲ, ಓಣಿಯ ರೂಢಿಯಂತೆ ಚಿಗವ್ವ. ಅವಳ ಗಂಡ ಕಬ್ಬಿನ ಟ್ರೇಲರ್‌ಗಳಿಗೆ ಬಣ್ಣ ಹೊಡೆಯುವ ಪೇಂಟರ್. ಅವನು ಬಿಡಿಸಿದ ಜೋಡಿ ನವಿಲನ್ನು ಊರೆಲ್ಲ ಹೊಗಳುತ್ತಿತ್ತು. ಅದಕ್ಕೂ ಮೊದಲು ಎರಡು ದಿನ ತಂತಿ ಬ್ರಶ್ಶಿನಿಂದ, ಊರ ಬಾಯಲ್ಲಿ ಜಂಗು ಎನ್ನುವ ತುಕ್ಕು ಕೆರೆದು, ಪಾಲಿಶ್ ಪೇಪರಿನಿಂದ ತಿಕ್ಕಿ, ಥಿನ್ನರ್ ಅದ್ದಿದ ಅರಿವೆಯಿಂದ ಜಿಡ್ಡು ಒರೆಸುತ್ತಿದ್ದವಳು ಇವಳು. ಕೊನೆಗೆ ಬಿಳಿ ಬಟ್ಟೆಯೊಂದನ್ನು ಮೇಲೆ ಎಳೆದು ನೋಡುತ್ತಿದ್ದಳು. ಬಟ್ಟೆ ಕಪ್ಪಾದರೆ ಮತ್ತೆ ಮೊದಲಿನಿಂದ.

ಒಂದು ವರ್ಷ ಸಕ್ಕರೆ ಕಾರ್ಖಾನೆ ಶುರುವಾಗಲು ನಾಲ್ಕೇ ದಿನ ಉಳಿದಿದ್ದವು. ಅಪ್ಪ ನಮ್ಮ ಟ್ರೇಲರ್ ತಂದು ನಿಲ್ಲಿಸಿದ.

"ಕೆರಿಯೂದೆಲ್ಲ ಬ್ಯಾಡ ತಂಗಿ, ಮ್ಯಾಲೊಂದು ಕೈ ಬಣ್ಣ ಹೊಡಿಸಿಬಿಡು."

"ಜಂಗಿನ ಮ್ಯಾಲ ಹಚ್ಚಿದ್ರ ಬಣ್ಣ ಜಂಗಿಗೆ ಹತ್ತತೈತ್ರಿ ಅಣ್ಣಾರ, ಕಬ್ಬಿಣಕ್ಕಲ್ಲ."

"ಹೇಳಿದಷ್ಟ ಮಾಡ," ಎಂದು ಗಂಡನೂ ಗದರಿದ. ಅವಳು ಟ್ರ್ಯಾಕ್ಟರಿಗೆ ಕೊಂಡಿ ಹಾಕುವ ಮುಂದಿನ ತೊಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕೆರೆಯತೊಡಗಿದಳು.

ಕಾಲೇಜಿಗೆ ರಜೆಯಿದ್ದುದರಿಂದ ನಾನು ಕಟ್ಟೆಯ ಮೇಲೆ ಓದುತ್ತಿದ್ದೆ. ಸ್ವಲ್ಪ ಹೊತ್ತಿಗೆ ಕರೆದಳು. "ಇಲ್ಲಿ ಬಾರವಾ, ನಿನ್ನ ಕಣ್ಣು ಚುರುಕ ಅದಾವ. ಇದು ಗೆರಿಯೋ, ಬಿರುಕೋ?"

ಒರೆಸಿ ಬೆಳ್ಳಗಾದ ಕಬ್ಬಿಣದಲ್ಲಿ, ಬೆಸುಗೆಯ ಅಂಚಿಗೆ ಕೂದಲೆಳೆಯಂಥ ಕಪ್ಪು ಗೆರೆ. ಉಗುರಾಡಿಸಿದೆ. ಉಗುರು ಸಿಕ್ಕಿಕೊಂಡಿತು.

ಚಿಗವ್ವ ಎದ್ದು ನಿಂತು ಅಪ್ಪನಿಗೆ ಹೇಳಿದಳು: "ಮೊದಲ ಬೆಸಿಗಿ ಹಾಕಿಸ್ಕೊಂಡ ಬರ್ರಿ. ಅಲ್ಲೀತನಕ ನಮ್ಮ ಬಣ್ಣ ಇದಕ್ಕ ಹತ್ತೂದಿಲ್ಲ."

ಅಪ್ಪ ಸಿಡಿಮಿಡಿಗೊಂಡೇ ಎಳೆದುಕೊಂಡು ಹೋದ. ವೆಲ್ಡಿಂಗ್ ಅಂಗಡಿಯವರು ಸುತ್ತಿಗೆಯಿಂದ ಒಮ್ಮೆ ಬಡಿದರಂತೆ. ಬೆಸುಗೆ ಅರ್ಧಕ್ಕರ್ಧ ಬಾಯಿ ಬಿಟ್ಟಿತಂತೆ. ತಿರುಗಿ ಬಂದ ಅಪ್ಪ ಟ್ರೇಲರನ್ನು ಚಿಗವ್ವನ ಮುಂದೆ ನಿಲ್ಲಿಸಿ, ತಂತಿ ಬ್ರಶ್ಶನ್ನು ತಾನೇ ಎತ್ತಿ ಅವಳ ಕೈಗೆ ಕೊಟ್ಟ…

ಮುಂದಿನ ಹಂಗಾಮಿನಿಂದ ಊರವರು ಬಣ್ಣ ಯಾವುದೆಂದು ಗಂಡನನ್ನು ಕೇಳಿದರೂ, ಟ್ರೇಲರ್ ಹೇಗಿದೆ ಎಂದು ಅವಳನ್ನೇ ಕೇಳುತ್ತಿದ್ದರು. ಅವಳು "ಹೂಂ" ಎನ್ನುವ ತನಕ ಗಂಡನೂ ಡಬ್ಬಿ ತೆರೆಯುತ್ತಿರಲಿಲ್ಲ. ಕಾಲೇಜಿನಲ್ಲಿ ಗೆಳತಿಯರಿಗೆ ನಾನು ಎದೆಯುಬ್ಬಿಸಿ ಹೇಳುತ್ತಿದ್ದೆ, ಅವಳು ನಮ್ಮ ಚಿಗವ್ವ ಎಂದು. ಅವಳಿಗೆ ಮಾತ್ರ ಒಮ್ಮೆಯೂ ಹೇಳಲಿಲ್ಲ.

ಹೋದ ವರ್ಷ ಅವಳು ತೀರಿಕೊಂಡಾಗ ನಾನು ಊರು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಮೊನ್ನೆ ಫೋನಿನಲ್ಲಿ ಮಾತು ಅವಳ ಕಡೆ ತಿರುಗಿದಾಗ ಅಪ್ಪ ಅಂದ:

"ಆ ಟ್ರೇಲರಿನ ತ್ವಲಿ ಕಬ್ಬು ತುಂಬಿದಾಗ ಹೈವೇದಾಗ ಮುರದಿದ್ರ, ಹಿಂದ ಬರಾವರು ಯಾರರ ಸಾಯ್ತಿದ್ರವಾ. ಅವರೆಲ್ಲ ಈಗ ಎಲ್ಲೋ ಅರಾಮ ಅದಾರ… ಆಕಿ ಹೋಗಿದ್ದು ಅವರಿಗೆ ಗೊತ್ತ ಇಲ್ಲ."