ತರ್ಜುಮೆಯ ಮಾಸ್ತರರು

ಭಾಷಣ ತರ್ಜುಮೆ ಮಾಡುವಾಗ ಮಾಸ್ತರರು ಬಲಗೈಯನ್ನು ಭಾಷಣಕಾರರ ಎದೆಗೆ ಅಡ್ಡ ಹಿಡಿಯುತ್ತಿದ್ದರು. ಆ ಕೈ ಕೆಳಗಿಳಿಯುವವರೆಗೆ ಎಂಥ ಮುಖಂಡರೂ ಮುಂದಿನ ವಾಕ್ಯ ಆಡುವಂತಿರಲಿಲ್ಲ. ಹಿಂದಿಯ ಮಾತು ಮೊದಲು ತೆಲುಗಿಗೆ, ಆಮೇಲೆ ಕನ್ನಡಕ್ಕೆ ಇಳಿಯಬೇಕು. ಎರಡೂ ಭಾಷೆ ಆಡುವ ನಮ್ಮ ಗಡಿಯೂರು ಮಕ್ತಲ್ಲಿಗೆ ಯಾರೇ ದೊಡ್ಡವರು ಬರಲಿ, ತರ್ಜುಮೆಗೆ ವೇದಿಕೆ ಹತ್ತುತ್ತಿದ್ದವರು ಅವರೇ.

ನಾನು ಅವರ ಶಾಲೆಯಲ್ಲೇ ಕಿರಿಯ ಮಾಸ್ತರ, ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವನು. ಅವರ ಹಿಂದಿಯೋ ಗದ್ವಾಲದ ಸಂತೆಯಲ್ಲಿ ಕಲಿತದ್ದು. ನನಗೆ ಹೊಟ್ಟೆಯುರಿ. ಮುಚ್ಚಿಡುವುದೇನಿದೆ?

ದೆಹಲಿಯ ಮುಖಂಡರೊಬ್ಬರು ಬಂದಾಗಲೂ ವೇದಿಕೆ ಮಾಸ್ತರರಿಗೆ, ನೀರಿನ ಲೋಟ ಹಿಡಿಯುವುದು ನನಗೆ. ಎರಡು ವರ್ಷದಲ್ಲಿ ಇಲ್ಲಿಗೆ ಕಾಲೇಜು ತಂದೇ ತರುತ್ತೇನೆ ಎಂದರು ಮುಖಂಡರು. ಮಾಸ್ತರರು ಜನರತ್ತ ತಿರುಗಿ, "ಕಾಲೇಜ್ ತರಾಕ ಪ್ರಯತ್ನ ಮಾಡ್ತೀನಿ ಅಂತಾರ್ರಿ" ಎಂದರು.

"ತಪ್ಪು! ತಂದೇ ತರ್ತೀನಿ ಅಂದಾರ!" ಎಂದು ನಾನು ಕೆಳಗಿನಿಂದ ಒದರಿದೆ. ಜನ ನಕ್ಕರು. ಏನಾಯಿತೆಂದು ಮುಖಂಡರು ಕೇಳಿದರು. ಮಾಸ್ತರರು ತಮ್ಮ ಮುರುಕು ಹಿಂದಿಯಲ್ಲೇ ಹೇಳಿದರು: ನಾಳೆ ನೀವು ಹೋಗುತ್ತೀರಿ, ಕಾಲೇಜು ಎಲ್ಲಿ ಎಂದು ಇವರು ಕೇಳುವುದು ನನ್ನನ್ನು. ಮುಖಂಡರು ಪ್ರಯತ್ನ ಮಾಡುತ್ತೇನೆ ಎಂದು ತಿದ್ದಿಕೊಂಡರು.

ಎಷ್ಟೋ ವರ್ಷಗಳ ಮೇಲೆ, ತೆಲಂಗಾಣ ರಾಜ್ಯವಾದ ಮರುವರ್ಷ, ಟಿವಿಯಲ್ಲಿ ಆ ಮುಖಂಡರ ಸಂದರ್ಶನ ಬಂತು. ಅಷ್ಟರಲ್ಲಿ ಅವರು ರಾಜಕೀಯದಿಂದ ನಿವೃತ್ತರಾಗಿದ್ದರು. ಮಾಸ್ತರರ ಮನೆಯಲ್ಲೇ ಕೂತು ನೋಡಿದೆ. ರಾಜಕೀಯದಲ್ಲಿ ನಿಮಗೆ ಪಾಠ ಕಲಿಸಿದವರು ಯಾರು ಎಂದು ಕೇಳಿದರೆ, ಮಕ್ತಲ್ಲಿನ ಒಬ್ಬ ಮಾಸ್ತರರು ಎನ್ನಬೇಕೇ! ಕೈಲಾಗದ ಮಾತು ಕೊಡಬಾರದೆಂದು ವೇದಿಕೆಯಲ್ಲೇ ಕಲಿಸಿದರಂತೆ. ಒದರಿದವನ ಸುದ್ದಿಯೇ ಇಲ್ಲ. ನಾನು ಒದರದಿದ್ದರೆ ಆ ಪಾಠ ಎಲ್ಲಿಂದ ಬರುತ್ತಿತ್ತು?

"ನನ್ನ ಬಿಟ್ಟೇ ಬಿಟ್ರಲ್ಲ ಸರ" ಎಂದೆ, ತಡೆಯಲಾಗದೆ.

"ಖರೇನಪಾ. ತರ್ಜುಮಾ ಅಂದ್ರ ನಿಂದ ಸರಿ ಇತ್ತು" ಎಂದರು.

ಎರಡು ದಿನಕ್ಕೆ ನಾರಾಯಣಪೇಟೆಯಿಂದ ಟಿವಿಯವರು ಮಾಸ್ತರರನ್ನು ಹುಡುಕಿಕೊಂಡು ಬಂದರು. ಮಾಸ್ತರರು ನನ್ನನ್ನು ಕರೆಸಿ, ಕ್ಯಾಮೆರಾ ಮುಂದೆ ತಮ್ಮ ಕುರ್ಚಿಯಲ್ಲೇ ಕೂರಿಸಿದರು. "ಅವತ್ತು ತಪ್ಪು ಹೇಳಿದವ ನಾನ್ರಿ. ಸರಿ ಹೇಳಿದವ ಇವ. ಇವನ್ನ ಕೇಳ್ರಿ."

ಇಷ್ಟು ವರ್ಷ ಕಾದದ್ದು ಅದಕ್ಕೇ ಅಲ್ಲವೇ? ಹತ್ತು ನಿಮಿಷ ನನ್ನ ಹಿಂದಿಯ ಬಗ್ಗೆ, ನನ್ನ ಪರೀಕ್ಷೆಗಳ ಬಗ್ಗೆ ಹೇಳಿದೆ. ಅವರ ಬಗ್ಗೆ ಒಂದು ಮಾತಿಲ್ಲ. ಅದು ಪ್ರಸಾರವಾದ ಸಂಜೆ ಅವರು ಓಣಿಯವರನ್ನೆಲ್ಲ ಕೂಗಿ ಕರೆದರಂತೆ: "ಬರ್ರೀ, ನಮ್ಮ ಮಾಸ್ತರ ಟಿವ್ಯಾಗ ಬಂದಾನ!"

ಮುಂದಿನ ಚಳಿಗಾಲ ಅವರು ತೀರಿಕೊಂಡರು. ಕ್ಯಾಮೆರಾ ಮುಂದೆ ಹೇಳದೆ ನುಂಗಿದ ಮಾತನ್ನು ಈಗ ಬರೆಯುತ್ತೇನೆ. ಅಂದು ನಾನು ತಪ್ಪೆಂದು ಒದರಿದಾಗಲೂ ಜನ ಕಾಲೇಜಿನ ವಿಷಯದಲ್ಲಿ ನಂಬಿದ್ದು ಅವರನ್ನು. ಕೆಳಗೆ ನಿಂತಿದ್ದ ನಾನೂ ನಂಬಿದ್ದು ಅವರನ್ನೇ.