ಅಪ್ಪನ ಪೇಟಿ ಮತ್ತ ನನ್ನ ಗಿಟಾರು

ಗಿಟಾರಿನಾಗ ಎಫ್ ಕಾರ್ಡ್ ಅಂತ ಒಂದು ಸ್ವರಗಳ ಗುಂಪು ಅದ. ತೋರಬೆರಳನ್ನ ಆರೂ ತಂತಿ ಮ್ಯಾಲ ಅಡ್ಡ ಮಲಗಿಸಿ, ಉಳಿದ ಬೆರಳು ತಮ್ಮ ತಮ್ಮ ಜಾಗಾದಾಗ ಒತ್ತಬೇಕು. ಮೊಬೈಲ್‌ನಾಗಿನ ಮಾಸ್ತರ ಅದನ್ನ ನಗಕೋತ ಹಿಡೀತಾನ. ‘ಭಾಳ ಸರಳ ಅದ, ನೀವೂ ಮಾಡಬಹುದು’ ಅಂತ ಹಿಂದಿಯೊಳಗ ಹೇಳ್ತಾನ. ಆ ನಗು ನೋಡಿದ್ರ ನನಗ ಮೊಬೈಲ್ ತಗೊಂಡು ಗ್ವಾಡಿಗೆ ಒಗೀಬೇಕು ಅನಸ್ತದ. ನಾ ಹಿಡಿದ್ರ ಗಿಟಾರು ಠಪ್ ಠಪ್ ಅಂತದ, ಒಣಾ ಕಟಗಿ ಬಡದಂಗ.

ನಾನು ಚೌಡಾಪುರದ ಹತ್ರ ಒಂದು ಸಾಲ್ಯಾಗ ಗಣಿತ ಕಲಸ್ತೇನಿ, ಮನಿ ಅತನೂರದಾಗ. ಹುಡುಗ್ರಿಗೆ ಒಂದು ಲೆಕ್ಕ ತಿಳೀಲಿಲ್ಲಂದ್ರ ಮತ್ತೊಂದು ರೀತಿಲೆ ಹೇಳ್ತೇನಿ, ಅದೂ ತಿಳೀಲಿಲ್ಲಂದ್ರ ಬೈದು ಹೇಳ್ತೇನಿ. ಈ ಮಾಸ್ತರಗ ಅದ್ಯಾವುದೂ ಇಲ್ಲ. ಹಿಂದಕ್ಕ ಸರಿಸಿ ಮತ್ತ ಹಚ್ಚಿದ್ರ ಅದೇ ಮಾತು, ಅದೇ ಹಲ್ಲು. ‘ಯಾಕ್ರಿ ನಂದು ಬರವಲ್ದು?’ ಅಂತ ಕೇಳಬೇಕಂದ್ರ ಯಾರನ್ನ ಕೇಳಲಿ? ನೆಟ್‌ವರ್ಕ್ ಸಿಗೋದು ಮಾಳಿಗಿ ಮ್ಯಾಲ ಒಂದೇ ಮೂಲ್ಯಾಗ. ಅಲ್ಲಿ ನೆರಳಿಲ್ಲ. ಬಿಸಲಾಗ ಕುಂತು, ಬೆವರು ಒರಸ್ಕೊಂಡು ಈಗ ಬಂತು ಅನ್ನೋದ್ರಾಗ ಸಾಬಾಣದ ಜಾಹೀರಾತು ಬರ್ತದ.

ಇಷ್ಟು ಹೈರಾಣ ಯಾಕ ಆಗ್ತಿದ್ದೆ ಅಂದ್ರ, ನನಗ ಜಮಖಾನಿ ಮ್ಯಾಲ ಜಾಗ ಬೇಕಿತ್ತು.

ನಮ್ಮಪ್ಪಂದು ಒಂದು ಹಾಡಿನ ಮೇಳ ಅದ. ಹುಣ್ಣಿಮಿಗೊಮ್ಮೆ ಬೌದ್ಧ ವಿಹಾರದಾಗ ವಂದನಾ ಆದ ಮ್ಯಾಲ ಹಾಡ್ತಾರ, ಜಯಂತಿ ಬಂತಂದ್ರ ಊರೂರು ತಿರಗ್ತಾರ. ಮುಂದ ಜಮಖಾನಿ ಹಾಸಿರ್ತಾರ. ಅದರ ಮ್ಯಾಲ ಅಪ್ಪನ ಹಾರ್ಮೋನಿಯಂ, ನಾವು ಅದಕ್ಕ ಪೇಟಿ ಅಂತೇವಿ. ಬಾಜೂಕ ಕಾಕಾನ ಢೋಲ್ಕಿ, ಇಬ್ಬರ ನಡುವ ಮೈಕು. ಹೆಣ್ಮಕ್ಕಳು ಹಿಂದ, ಬರೇ ನೆಲದ ಮ್ಯಾಲ. ಅವರ ಕೆಲಸ ಅಂದ್ರ ಪಲ್ಲವಿ ತಿರಗಿ ಹೇಳೋದು. ನಮ್ಮವ್ವ ಮದುವಿ ಆಗಿ ಬಂದಾಗಿನಿಂದ ಅಲ್ಲೇ ಕುಂತಾಳ. ನಾನೂ ಆಕಿ ತೊಡಿ ಮ್ಯಾಲ ಮಲಗಿದ್ದು ಅಲ್ಲೇ, ಹಾಡು ಕಲ್ತದ್ದೂ ಅಲ್ಲೇ. ಪೇಟಿ, ಢೋಲ್ಕಿ ಗಂಡಸರು ಬಿಟ್ಟುಕೊಡಂಗಿಲ್ಲ. ಮೇಳದಾಗ ಇಲ್ಲದ್ದೊಂದು ವಾದ್ಯ ತಂದ್ರ ಯಾರ ಜಾಗಾನೂ ಕಸಗೊಂಡಂಗ ಆಗೂದಿಲ್ಲ ಅಂತ ವಿಚಾರ ಮಾಡಿ ಗಿಟಾರು ತಂದೆ.

ಅಪ್ಪ ಅದನ್ನ ಮ್ಯಾಲ ಕೆಳಗ ನೋಡಿ, ‘ಇದೇನಬೇ, ಸಿನೇಮಾದವ್ರ ಹಂಗ?’ ಅಂದ. ಆಮ್ಯಾಲೆ ಅಂದ, ‘ಖಜೂರಿ ಊರಿನ ಜಯಂತಿಗೆ ಒಂದು ಹಾಡಿಗೆ ಸುರ್ ಬಿಡದಂಗ ಬಾರಿಸು, ಜಮಖಾನಿ ಮ್ಯಾಲ ಕುಂಡ್ರು. ಇಲ್ಲಂದ್ರ ನಿಮ್ಮವ್ವನ ಬಾಜೂಕ ನಿನ್ನ ಜಾಗ ಇದ್ದೇ ಅದ.’

ವಿಡಿಯೋದಾಗ ಮೊದಲನೇ ಪಾಠ ತಂತಿಗೆ ಸುರ್ ಹಚ್ಚೋದು. ನಾ ಅದನ್ನ ನೋಡ್ಲೇ ಇಲ್ಲ. ಸುರ್ ಹಚ್ಚೋದು ನಮ್ಮನಿ ಕೂಸಿಗೂ ಗೊತ್ತು, ಇವನೇನು ಕಲಸ್ತಾನ ಅಂತ ದಿಮಾಕಿನಿಂದ ಮುಂದಕ್ಕ ಸರಿಸಿದೆ. ನಮ್ಮಲ್ಲಿ ಯಾವ ವಾದ್ಯ ಬಂದ್ರೂ ಅದನ್ನ ಪೇಟಿಗೆ ಕೂಡಿಸ್ತಾರ. ಹಾಡೋಕಿಂತ ಮೊದಲ ಅಪ್ಪ ಪೇಟಿಯ ಒಂದು ಪಟ್ಟಿ ಒತ್ತಿ ಹಿಡೀತಾನ, ಕಾಕಾ ಹಗ್ಗ ಜಗ್ಗಿ ಢೋಲ್ಕಿ ಅದಕ್ಕ ಕೂಡಿಸ್ತಾನ. ಕೂಡಿತು ಅಂತ ಕಾಕಾ ಗೋಣು ಹಾಕೋತನಕ ಅಪ್ಪ ಕೈ ತಗಿಯೂದಿಲ್ಲ. ಇದಕ್ಕ ಸುರ್ ಕೊಡೋದು ಅಂತಾರ. ಸುರ್ ಕೊಡೋದು ಜಮಖಾನಿ ಮ್ಯಾಲಿನವರಿಗೆ ಮಾತ್ರ. ನನಗ ಕೊಡೋರು ಯಾರೂ ಇರಲಿಲ್ಲ. ಅಪ್ಪ ಹೊಲಕ್ಕ ಹೋದಾಗ ನಾನೇ ಪೇಟಿ ತಗದು, ಪಟ್ಟಿ ಎಣಿಸಿ ಒತ್ತಿ, ಆರೂ ತಂತಿ ಕೂಡಿಸಿಕೊಂಡೆ.

ಅಲ್ಲಿಂದ ಸುರು ಆತು ನೋಡ್ರಿ ನನ್ನ ಗೋಳು. ಒಬ್ಬಾಕಿನೇ ಬಾರಿಸಿದ್ರ ಛಲೋ ಕೇಳಸ್ತದ. ಮಾಸ್ತರನ ಜೊತಿ ಬಾರಿಸಿದ್ರ ಕಿವ್ಯಾಗ ಕಹಿ. ಬೆರಳು ಸರಿ ಇಲ್ಲ ಅಂತ ಉಗುರು ಕತ್ತರಿಸಿದೆ. ತಂತಿ ಖರಾಬ ಅದಾವ ಅಂತ ಕಲಬುರಗಿ ಅಂಗಡಿಗೆ ಹೋಗಿ ಅಲ್ಲಿಯವನ ಜೋಡಿ ಜಗಳಾಡಿ ಬಂದೆ. ಮಾಸ್ತರನೇ ಸರಿ ಇಲ್ಲ ಅಂತ ಬ್ಯಾರೆ ಮಾಸ್ತರನ್ನ ಹುಡಿಕಿದೆ. ಅವನೂ ನಗ್ತಿದ್ದ. ಬೆರಳತುದಿ ಚರ್ಮ ಸುಲದು, ಬೋರ್ಡಿನ ಮ್ಯಾಲ ಬರಿಯೋ ಮುಂದ ಸುಣ್ಣದ ಕಡ್ಡಿ ತಾಗಿದ್ರೂ ಉರೀತಿತ್ತು. ಒಂದು ಚಳಿಗಾಲ ಪೂರಾ ನಾ ನನ್ನ ಕೈಗೇ ಬೈಕೋತ ಕಳದೆ.

ಕಡೀಕ ಒಂದು ದಿನ ಮಾಸ್ತರ ಹೇಳಿದ ಅಂತ ಮೊಬೈಲ್‌ನಾಗ ಸುರ್ ತೋರಿಸೋ ಆ್ಯಪ್ ಹಾಕಿದೆ. ಸುರ್ ಕೂಡಿದ್ರ ಹಸಿರು, ತಪ್ಪಿದ್ರ ಕೆಂಪು. ಒಂದನೇ ತಂತಿ ಬಾರಿಸಿದೆ, ಕೆಂಪು. ಎರಡನೇದು, ಕೆಂಪು. ಆರೂ ಕೆಂಪು, ಆರೂ ಒಂದೇ ಅಳತಿಗೆ ಏರಿದ್ದುವು. ಓಡಿ ಹೋಗಿ ಅಪ್ಪನ ಪೇಟಿ ಮುಂದ ಮೊಬೈಲ್ ಹಿಡದೆ. ಅದೂ ಕೆಂಪು! ನಮ್ಮ ಪೇಟಿ ಜಗತ್ತಿನ ಎಲ್ಲಾ ಪೇಟಿಗಿಂತ ಪಾವು ಸ್ವರ ಮ್ಯಾಲ ಅದ. ಅಯ್ಯ ಇದರ ಮಾರಿಗಿಷ್ಟು ಮಣ್ಣು ಹಾಕ, ಅಂತ ಅಲ್ಲೇ ಕುಂತು ಅಳಬೇಕೋ ನಗಬೇಕೋ ತಿಳೀಲಿಲ್ಲ. ಆ ಎಫ್ ಕಾರ್ಡ್ ಒಂದು ಬಿಟ್ರ ನನ್ನ ಕೈಯಿಂದ ಒಂದೂ ತಪ್ಪಾಗಿರಲಿಲ್ಲ.

ತಂತಿ ಇಳಿಸಿ ಆ್ಯಪಿಗೆ ಕೂಡಿಸಿದೆ. ಮಾಸ್ತರನ ಜೊತಿ ಎಷ್ಟು ಸಿಹಿ ಕೂಡಿತು ಅಂದ್ರ, ಆ ಸಂಜಿ ನಾನೂ ಅವನ ಹಂಗೇ ನಕ್ಕೆ. ಅದೂ ಒಂದೇ ಸಂಜಿ. ಮರುದಿನ ಮೇಳದ ತಾಲೀಮಿನಾಗ ಬಾರಿಸಿದ ಕೂಡಲೆ ಕಾಕಾ ಮಾರಿ ಹಿಂಡಿದ, ಅಪ್ಪ ಪೇಟಿ ನಿಲ್ಲಿಸಿ, ‘ಸುರ್ ಬಿಟ್ಟದ’ ಅಂದ. ವಿಡಿಯೋಕ್ಕ ಇಳಿಸಬೇಕು, ತಾಲೀಮಿಗೆ ಏರಿಸಬೇಕು. ಇಳಿಸಿ ಏರಿಸಿ, ಏರಿಸಿ ಇಳಿಸಿ, ಒಂದು ದಿನ ಎಲ್ಲಾರ ಮುಂದ ಸಣ್ಣ ತಂತಿ ಫಟ್ಟಂತ ಹರದು ಗಲ್ಲಕ್ಕ ಬಡೀತು.

ನನ್ನ ಸಿಟ್ಟು ಮೂಗಿನ ಮ್ಯಾಲೇ ಇರ್ತದ, ಊರಿಗೇ ಗೊತ್ತು. ‘ನಿನ್ನ ಪೇಟಿನೇ ಸರಿ ಇಲ್ಲಪ್ಪ! ಮಂದಿ ಎಲ್ಲಾ ಒಂದು ಸುರಿನಾಗ ಇದ್ರ ನಿಂದೊಂದೇ ಬ್ಯಾರೆ! ನಾ ಎಷ್ಟಂತ ಸಾಯ್ಲಿ?’ ಅಂತ ಒದರಿದೆ. ತಾಲೀಮು ನಿಂತೇ ಹೋತು. ಪೇಟಿ ಮ್ಯಾಲ ಕೈ ಇಟ್ಟುಕೊಂಡು ಅಪ್ಪ, ‘ಇದು ಇದ್ದಲ್ಲೇ ಅದ. ಮಂದಿ ಇಳದಿರಬೇಕು’ ಅಂದು ಎದ್ದು ಹೋದ. ಅವತ್ತಿನಿಂದ ನನ್ನ ಜೋಡಿ ಮಾತು ಬಿಟ್ಟ.

ಮಾಳಿಗಿ ಮ್ಯಾಲ ಅವ್ವ ಚಾ ತಂದು ಕೊಟ್ಟು ಬಾಜೂಕ ಕುಂತಳು. ‘ನನಗರೆ ಒಂದ್ಸಲ ಸುರ್ ಕೊಟ್ಟಿದ್ರ ತಂತಿ ಹರೀತಿದ್ದಿಲ್ಲ’ ಅಂತ ನಾ ಗೊಣಗಿದೆ. ‘ನನಗ ಯಾರು ಕೊಟ್ಟಾರಬೇ?’ ಅಂದಳು ಅವ್ವ. ‘ಕಾಕಾಗ ಕೊಡೋದ್ರಾಗ ಹಿಂದಿನಿಂದ ಕದ್ದು ಹಿಡಕೋತೇನಿ. ಒಮ್ಮೊಮ್ಮೆ ಹಿಡಿಯೋದ್ರಾಗ ಬಿಟ್ಟುಬಿಡ್ತಾರ.’ ಆಕಿ ಹಂಗ ಅಂದಿದ್ದು ಅವತ್ತೇ ಮೊದಲು. ಚಾ ಆರ್ತದ ಕುಡಿ ಅಂತ ಕೆಳಗ ಹೋದಳು.

ಜಯಂತಿ ದಿನ ಆಳಂದ ದಾಟಿ ಖಜೂರಿಗೆ ಜೀಪಿನಾಗ ಹೋದ್ವಿ. ಹೊಸಾ ತಂತಿ ಹಾಕಿ, ಮನ್ಯಾಗೇ ಪೇಟಿಗೆ ಕೂಡಿಸಿದ್ದೆ. ಆದ್ರ ಹೊಸಾ ತಂತಿ ನಿಂದ್ರೂದಿಲ್ಲ, ಜಗ್ಗಿದಂಗ ಇಳೀತದ, ಮ್ಯಾಲ ರಸ್ತೇದ ಧಕ್ಕಿ. ಸ್ಟೇಜಿಗೆ ಹೋಗೋದ್ರಾಗ ಒಂದೂ ಜಾಗಾದಾಗ ಇರಲಿಲ್ಲ. ಗಿಟಾರು ಚೀಲದಾಗೇ ಬಿಟ್ಟು ಅವ್ವನ ಬಾಜೂಕ ನೆಲದ ಮ್ಯಾಲ ಕುಂತೆ. ಮೊದಲನೇ ಹಾಡು ನಾನಿಲ್ಲದೇ ಆತು.

ಎರಡನೇ ಹಾಡಿಗೆ ಅಪ್ಪ ಸುರ್ ಕೊಟ್ಟ. ಕಾಕಾ ಕೂಡಿಸಿ ಗೋಣು ಹಾಕಿದ. ಅಪ್ಪ ಕೈ ತಗೀಲಿಲ್ಲ. ಕಾಕಾ ಇನ್ನೊಮ್ಮೆ ಗೋಣು ಹಾಕಿದ. ಮೈಕ್ ಹಿಡದವನು ಅರ್ಧ ಮರಾಠಿ ಅರ್ಧ ಕನ್ನಡದಾಗ ‘ಚಲಾ ಚಲಾ, ಸುರು ಮಾಡ್ರಿ’ ಅಂತ ಅವಸರ ಮಾಡಾಕತ್ತ.

ಅಪ್ಪ ಹಿಂದ ತಿರಗಿ ನೋಡದೇ ಅಂದ, ‘ಗಿಟಾರಿನಾಕಿ ಎಲ್ಲಿ? ಸುರ್ ತಗೋಬೇ, ಜಲ್ದಿ.’

ಅವ್ವ ನನ್ನ ಬೆನ್ನಿಗೊಂದು ಗುದ್ದಿದಳು. ಜಮಖಾನಿ ಅಂಚಿಗೆ ಹೋಗಿ ಕುಂತು ತಂತಿ ಕೂಡಿಸಾಕತ್ತೆ. ಏರಿಸ್ತೇನಿ, ಇಳೀತದ. ಏರಿಸ್ತೇನಿ, ಇಳೀತದ. ಅಳು ಬಂದಿತ್ತು. ಅಪ್ಪ ಅದೇ ಪಟ್ಟಿ ಒತ್ತಿಕೊಂಡೇ ಇದ್ದ.

ಆಗ ಹಿಂದಿನಿಂದ ಅವ್ವ ಆ ಸುರ್ ಹಿಡದಳು. ‘ಆ…’ ಅಂತ ತುಂಬು ದನಿ, ಕದ್ದು ಹಿಡದಂಗ ಅಲ್ಲ, ಕೊಟ್ಟದ್ದನ್ನ ತಗೊಂಡಂಗ. ಉಸಿರು ಮುಗದ್ರ ಮತ್ತೊಂದು ಉಸಿರಿನಾಗ ಅದನ್ನೇ. ಅಪ್ಪ ತಿರಗಿ ನೋಡಿದ. ಆಮ್ಯಾಲೆ ನನ್ನ ಕಡಿ ನೋಡಿ, ‘ಆತೇನು?’ ಅಂದ.

ಆಗಿತ್ತು. ಆರೂ ತಂತಿ ಕೂಡಿದ್ದುವು. ಹಿಂದ ಅವ್ವ ಇನ್ನಾ ಸುರ್ ಹಿಡಕೊಂಡೇ ಇದ್ದಳು. ನಾ ‘ಇನ್ನಾ ಆಗಿಲ್ಲ’ ಅಂದು ಸುಮ್ಮನ ತಂತಿಯ ಬಿರಡಿ ಹಿಡಕೊಂಡು ತಿರುವಿದಂಗ ಮಾಡಕೋತ ಕುಂತೆ.