ಒಂಬತ್ತು ಬೆಳಗು ಹೇಳದೆ ಉಳಿದ ಕಮ್ಯಾಂಡ್

ಅವರ ತಲೆ ಸದಾ ಸ್ವಲ್ಪ ಎಡಕ್ಕೆ ವಾಲಿರುತ್ತಿತ್ತು. ಎಡಗಿವಿಯಲ್ಲಿ ಇಯರ್‌ಫೋನ್, ಬಲಗಿವಿ ಖಾಲಿ. "ಒಂದ್ ಕಿವಿ ಕಂಪ್ಯೂಟರಿಗೆ, ಇನ್ನೊಂದು ಮನುಷ್ಯರಿಗೆ" ಎನ್ನುತ್ತಿದ್ದರು. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಪರದೆಯ ಮೇಲಿನ ಅಕ್ಷರಗಳನ್ನು ಒಂದು ತಂತ್ರಾಂಶ ಅವರಿಗೆ ಓದಿ ಹೇಳುತ್ತಿತ್ತು, ನನಗೆ ಒಂದು ಪದವೂ ಹಿಡಿಯಲಾಗದಷ್ಟು ವೇಗವಾಗಿ. ಪರದೆಯ ಬೆಳಕನ್ನು ಪೂರ್ತಿ ಆರಿಸಿಟ್ಟೇ ಕೆಲಸ ಮಾಡುತ್ತಿದ್ದರು.

ನನ್ನ ಮೊದಲ ಕೆಲಸದಲ್ಲಿ ಅವರು ನನ್ನ ಹಿರಿಯರು; ನಾನು ಸರ್ ಎನ್ನುತ್ತಿದ್ದೆ. ಆಸ್ಪತ್ರೆಗಳ ದಾಖಲೆ ನೋಡಿಕೊಳ್ಳುವ ಸಣ್ಣ ಕಂಪನಿ ಅದು. ಎಲ್ಲರೂ ಮನೆಯಿಂದಲೇ ದುಡಿಯುತ್ತಿದ್ದೆವು. ಅವರದು ಬೆಂಗಳೂರಿನ ಅಂಚಿನ ಸಿಂಗಾಪುರ ಎಂಬ ಹಳೇ ಊರಿನ ಮನೆತನ. ನಾನು ಪಕ್ಕದ ವಿದ್ಯಾರಣ್ಯಪುರದ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಕೆಲವು ದಿನ ಸಂಜೆಯವರೆಗೂ ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ. ಪರದೆಯ ಕಪ್ಪು ಕಿಟಕಿಯಲ್ಲಿ ಕಮ್ಯಾಂಡ್ ಬರೆದು ಕಂಪ್ಯೂಟರನ್ನು ನಡೆಸುವುದನ್ನು ಅವರೇ ಫೋನಿನಲ್ಲಿ ಕಲಿಸಿದರು. "ಮೌಸ್ ಇಟ್ಕೊಂಡು ತಡಕಾಡ್ಬೇಡ. ಏನ್ ಬೇಕೋ ಬರೆದು ಕೇಳು." ನಾನು ಹೂಂ ಎಂದಷ್ಟೇ ಅಂದರೆ, "ಎರಡ್ ಮಾತು ಜಾಸ್ತಿ ಆಡಿದ್ರೆ ಆಟೋ ಮೀಟರ್ ಓಡುತ್ತಾ ನಿಂಗೆ?" ಎಂದು ನಗುತ್ತಿದ್ದರು.

ಆಸ್ಪತ್ರೆಯ ಕಂಪ್ಯೂಟರುಗಳನ್ನು ತಲುಪಲು ಪ್ರತಿ ಬೆಳಿಗ್ಗೆ ವಿಪಿಎನ್ ಸೇರಬೇಕು. ಇಂಟರ್ನೆಟ್ಟಿನ ಒಳಗೇ ನಮಗಾಗಿ ಮಾಡಿದ ಖಾಸಗಿ ದಾರಿ ಅದು. ಕಂಪನಿ ಅದಕ್ಕೊಂದು ಹೊಸ ತಂತ್ರಾಂಶ ತಂದಿತು. ಅದರಲ್ಲಿದ್ದದ್ದು ಬರೀ ಚಿತ್ರಗಳು. ಓದಿ ಹೇಳುವ ಧ್ವನಿ "ಬಟನ್, ಬಟನ್" ಎಂದು ಸುಮ್ಮನಾಗುತ್ತಿತ್ತು. ಬೇರೆ ದಾರಿ ಇದೆಯೇ ಎಂದು ಸರ್ ಕೇಳಿದರೆ, ಇಲ್ಲ ಎಂದು ಉತ್ತರ ಬಂತು. ಅವರ ಹೆಂಡತಿ, ನನ್ನ ಪಾಲಿಗೆ ಆಂಟಿ, ಏಳಕ್ಕೇ ಶಾಲೆಯ ಅಡುಗೆ ಕೆಲಸಕ್ಕೆ ಹೊರಟು ಹತ್ತರ ಹೊತ್ತಿಗೆ ಹಿಂತಿರುಗುತ್ತಿದ್ದರು. ಹಾಗಾಗಿ ಒಂಬತ್ತಕ್ಕೆ ನಾನೇ ಇಪ್ಪತ್ತು ನಿಮಿಷ ನಡೆದು ಹೋಗಿ, ಪರದೆಯ ಬೆಳಕು ಏರಿಸಿ, ಒಂದು ಗುಂಡಿ ಒತ್ತತೊಡಗಿದೆ.

ಒತ್ತಿದ ಮೇಲೂ ಅಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಹತ್ತಕ್ಕೆ ಆಂಟಿ ಬಂದು, "ಒಟ್ಟೆಗೆ ಏನಾರ ತಿಂದ್ಯೇನಮ್ಮಾ?" ಎನ್ನುತ್ತಾ ಕಾಫಿ ಇಡುತ್ತಿದ್ದರು. ಹನ್ನೊಂದಕ್ಕೆ ಹೊರಡುವಾಗ ಅವರಿಬ್ಬರ ಹುಸಿ ಜಗಳ ಇನ್ನೂ ಕಿವಿಯಲ್ಲಿರುತ್ತಿತ್ತು. ಆ ಎರಡು ಗಂಟೆಗಾಗಿಯೇ ನಾನು ಬೇಗ ಏಳುತ್ತಿದ್ದೆ.

ಒಂದು ಮಂಗಳವಾರ, ಆ ತಂತ್ರಾಂಶದ ಕಡತಗಳಲ್ಲಿ ಬೇರೇನೋ ಹುಡುಕುತ್ತಿದ್ದಾಗ, ಅದಕ್ಕೂ ಕಮ್ಯಾಂಡ್ ಇರುವುದು ಕಣ್ಣಿಗೆ ಬಿತ್ತು. ಎರಡೇ ಪದ ಬರೆದರೆ ದಾರಿ ತೆರೆಯುತ್ತಿತ್ತು. ಹೇಳಿದರೆ ನಾನು ಬರಬೇಕಾದ ಕಾರಣವೇ ಉಳಿಯುವುದಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಮರುದಿನವೂ ಹಾಗೆಯೇ ಅಂದುಕೊಂಡೆ.

ಒಂಬತ್ತನೆಯ ಬೆಳಿಗ್ಗೆ, ಶುಕ್ರವಾರ, ನನಗೆ ಜ್ವರ; ಎಚ್ಚರವಾದದ್ದೇ ಹತ್ತಕ್ಕೆ. ಅವರ ಮನೆ ಮುಟ್ಟಿದಾಗ ಹತ್ತೂವರೆ. ಎಂಟು ವರ್ಷದಿಂದ ಅವರು ನೋಡಿಕೊಂಡಿದ್ದ ಆಸ್ಪತ್ರೆಯಲ್ಲಿ ಅಂದು ಒಂಬತ್ತರ ಹೊತ್ತಿಗೇ ತೊಂದರೆಯಾಗಿ, ಆಂಟಿಯೂ ಇಲ್ಲದೆ ಅವರು ಒಳಗೆ ಹೋಗಲಾಗದೆ, ಮ್ಯಾನೇಜರ್ ಆ ಕೆಲಸವನ್ನು ಬೇರೆಯವರಿಗೆ ಕೊಡುವುದಾಗಿ ಫೋನಿನಲ್ಲಿ ಹೇಳಿಬಿಟ್ಟಿದ್ದರು. ಸರ್ ಲ್ಯಾಪ್‌ಟಾಪಿನ ಮುಂದೆ ಸುಮ್ಮನೆ ಕೂತಿದ್ದರು.

ಜ್ವರದಿಂದ ತಡವಾಯಿತು ಎಂದೆ. "ಜ್ವರದಲ್ಲಿ ಯಾಕಮ್ಮ ಬರೋಕ್ ಹೋದೆ?" ಎಂದರು.

"ಸರ್, ಇದಕ್ಕೂ ಕಮ್ಯಾಂಡ್ ಇದೆ."

"ಹೇಳು."

ತಂತ್ರಾಂಶದ ಹೆಸರು, ಒಂದು ಸ್ಪೇಸ್, ಆಮೇಲೆ ಕನೆಕ್ಟ್. ಅವರು ಬರೆದರು. ಕಿವಿಯಲ್ಲಿ ಏನೋ ಕೇಳಿಸಿ ಮುಖ ಬದಲಾಯಿತು. ಸಂಪರ್ಕ ಕಡಿದು ಮತ್ತೆ ಸೇರಿದರು. ಮೂರು ಸಲ ಹಾಗೆ ಮಾಡಿದರು. ಆಮೇಲೆ ಕೇಳಿದರು: "ಯಾವಾಗ್ ಗೊತ್ತಾಯ್ತು?"

ಈಗತಾನೆ ಎನ್ನಬಹುದಿತ್ತು. "ಹೋದ ವಾರ. ಮಂಗಳವಾರ."

ಅವರು ಇಯರ್‌ಫೋನ್ ತೆಗೆದಿಟ್ಟರು. "ದಿನಾ ಗೇಟ್ ಸದ್ದಿಗೆ ಕಿವಿ ಕೊಟ್ಕೊಂಡು ಕೂತಿರ್ತಿದ್ದೆ ಕಣಮ್ಮ, ನೀನು ಬರ್ತೀಯೋ ಇಲ್ವೋ ಅಂತ. ಯಾಕ್ ಇಂಗ್ ಮಾಡ್ದೆ?"

ನಾನು ಆಂಟಿ ತಂದಿಟ್ಟ ಲೋಟವನ್ನು ಎತ್ತಿಕೊಂಡೆ. ಆ ಸದ್ದಿನಲ್ಲೇ ಅವರಿಗೆ ಕಾರಣ ಕೇಳಿಸಿತೇನೋ.

"ಬಾಯ್ ಬಿಟ್ಟು ಕೇಳಿದ್ರೆ ಒಂದ್ ಲೋಟ ಕಾಫಿ ಇಲ್ಲ ಅಂತಿದ್ವಾ?"

ಅದರಲ್ಲಿ ಸಿಟ್ಟೂ ಇತ್ತು. ಸೋಮವಾರ ಎಲ್ಲರಿಗಿಂತ ಮೊದಲೇ ವಿಪಿಎನ್ ಸೇರಿ, ಮ್ಯಾನೇಜರಿಗೆ ತಾವೇ ಕರೆ ಮಾಡಿ, ಆಸ್ಪತ್ರೆಯನ್ನು ಮರಳಿ ಪಡೆದರು. ನಾನು ಮತ್ತೆ ಹೋಗಲಿಲ್ಲ. "ಬಾರಮ್ಮ" ಎಂದು ಅವರು ಎಷ್ಟೋ ಸಲ ಕರೆದರು. ಪ್ರತಿ ಸಲವೂ ಕೆಲಸವಿದೆ ಎಂದೆ.

ಎಂಟು ತಿಂಗಳ ನಂತರ ಸರ್ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಕಚೇರಿಯ ಗುಂಪಿನ ಸಂದೇಶದಲ್ಲಿ ಬಂತು. ಅಂದು ಅವರ ಮನೆಯ ಗೇಟಿನ ಹೊರಗೆ, ಜನರ ಹಿಂದೆ ನಿಂತು ಬಂದುಬಿಟ್ಟೆ.

ತಿಂಗಳು ಕಳೆದ ಮೇಲೆ ಒಂದು ಭಾನುವಾರ ಮತ್ತೆ ಹೋದೆ. ಆಂಟಿ ಬಾಗಿಲು ತೆರೆದು, ಸರ್ ಲ್ಯಾಪ್‌ಟಾಪನ್ನು ಒಯ್ಯಲೆಂದು ಕಂಪನಿಯವರು ನನ್ನನ್ನು ಕಳಿಸಿದರೇನೋ ಅಂದುಕೊಂಡರು.

"ಏನ್ ಕೆಲ್ಸ ಇತ್ತಮ್ಮಾ?"

"ಏನೂ ಇಲ್ಲ ಆಂಟಿ. ಸುಮ್ನೆ ಬಂದೆ. ಒಬ್ಬಳೇ ಇದ್ದೆ."

ಇಷ್ಟನ್ನು ಸರ್ ಇದ್ದಾಗ ಹೇಳಲು ನನ್ನಿಂದ ಆಗಲಿಲ್ಲ.